ಬಸಿಗಾಲುವೆಯಲ್ಲಿ ಹುಟ್ಟಿದ ಹೊಗೆ

(ಶಿರಸಿಯಲ್ಲಿ ಅಡಿಕೆ ಬೆಳೆಗಾರರು ಮತ್ತು ಕಾಲೇಜು ವಿದ್ಯಾರ್ಥಿಗಳು ಸೇರಿದ್ದ ಸಭೆಯೊಂದರಲ್ಲಿ ಆಡಿದ ಮಾತುಗಳನ್ನು ಆಮೇಲೆ ಕುಳಿತು ಬರೆದದ್ದು. ಮಾತು ದಾರಿ ತಪ್ಪಿದ ಕಡೆ ತಿದ್ದಿದ್ದೇನೆ. ಎಲ್ಲ ಕಡೆಯೂ ಅಲ್ಲ.)

ಎಲ್ಲರಿಗೂ ನಮಸ್ಕಾರ. ಪರಿಚಯ ಮಾಡಿಕೊಟ್ಟವರು ನನ್ನನ್ನು ಸಿಂಗಾಪುರದ ದೊಡ್ಡ ಎಂಜಿನಿಯರ್ ಎಂದರು. ದೊಡ್ಡದೇನಿಲ್ಲ, ನಾನು ಚರಂಡಿ ಎಂಜಿನಿಯರ್. ಬಿದ್ದ ಮಳೆ ರಸ್ತೆಯಲ್ಲಿ ನಿಲ್ಲದೆ ಎಷ್ಟು ನಿಮಿಷದಲ್ಲಿ ಸಮುದ್ರ ಸೇರಬೇಕು ಎಂದು ಲೆಕ್ಕ ಹಾಕುವುದು ಹನ್ನೊಂದು ವರ್ಷ ನನ್ನ ಹೊಟ್ಟೆಪಾಡಾಗಿತ್ತು. ಹೊಗೆಯ ಬಗ್ಗೆ ಮಾತಾಡಲು ಚರಂಡಿಯವನನ್ನು ಯಾಕೆ ಕರೆದರು ಎಂದು ಕೆಲವರ ಮುಖದಲ್ಲಿ ಪ್ರಶ್ನೆ ಕಾಣುತ್ತಿದೆ. ಸ್ವಲ್ಪ ತಾಳಿ.

2013ರ ಜೂನ್ ಮೂರನೆಯ ವಾರ. ನಮ್ಮದು ಹದಿನಾರನೆಯ ಮಹಡಿಯ ಮನೆ. ಬೆಳಗ್ಗೆ ಎದ್ದು ನೋಡಿದರೆ ಎದುರಿನ ಕಟ್ಟಡವೇ ಇರಲಿಲ್ಲ. ಮೊದಲು ಮಂಜು ಎಂದುಕೊಂಡೆ, ಈ ಕಡೆಯವನ ಅಭ್ಯಾಸಬಲ. ಸಮಭಾಜಕ ವೃತ್ತದ ಮಗ್ಗುಲಿನ ಊರಿಗೆ ಜೂನ್‌ನಲ್ಲಿ ಮಂಜು ಎಲ್ಲಿಂದ ಬರಬೇಕು? ಕಿಟಕಿ ಸರಿಸಿದಾಗ ವಾಸನೆ ಹೊಡೆಯಿತು. ಬಚ್ಚಲ ಒಲೆಗೆ ಹಸಿ ಸೌದೆ ತುರುಕಿದಾಗ ಏಳುತ್ತದಲ್ಲ, ಆ ಕಟು ವಾಸನೆ. ಅದರ ಅಡಿಯಲ್ಲಿ ಗೊಬ್ಬರಗುಂಡಿಯ ನಾತವೂ ಒಂದಿಷ್ಟು. ಮಗನಿಗೆ ಆಗ ಆರು ವರ್ಷ, ಮೊದಲೇ ಉಬ್ಬಸದ ಹುಡುಗ. ನನ್ನ ಹೆಂಡತಿ ಮನೆಯಲ್ಲಿದ್ದ ಟವೆಲುಗಳನ್ನೆಲ್ಲ ಒದ್ದೆ ಮಾಡಿ ಬಾಗಿಲು, ಕಿಟಕಿಗಳ ಸಂದಿಗೆ ಒತ್ತಿದಳು. ಸಂಜೆಗೆ ಅವು ಬೂದು ಬಣ್ಣಕ್ಕೆ ತಿರುಗಿದ್ದವು.

ಅಲ್ಲಿ ಗಾಳಿಯ ಕೊಳೆಯನ್ನು ಪಿಎಸ್‌ಐ ಎಂಬ ಸೂಚ್ಯಂಕದಲ್ಲಿ ಹೇಳುತ್ತಾರೆ. 300 ದಾಟಿದರೆ ಅಪಾಯಕಾರಿ. ಜನ ಕ್ರಿಕೆಟ್ ಸ್ಕೋರ್ ನೋಡಿದ ಹಾಗೆ ಗಂಟೆಗೊಮ್ಮೆ ಮೊಬೈಲ್ ನೋಡುತ್ತಿದ್ದರು. 21ರ ಮಧ್ಯಾಹ್ನ ಅದು 401 ತೋರಿಸಿತು. ಎನ್95 ಮಾಸ್ಕ್ ಎಂಬ ಹೆಸರನ್ನು ಇಲ್ಲಿ ನೀವೆಲ್ಲ ಕೇಳಿದ್ದು ಕೊರೊನಾ ಬಂದಾಗ. ನಾವು ಅದಕ್ಕಾಗಿ ಔಷಧಿ ಅಂಗಡಿಗಳ ಮುಂದೆ ಸಾಲು ನಿಂತದ್ದು ಆ ವಾರ. ಎರಡು ದಿನ ಕಳೆದು ಪಕ್ಕದ ಮಲೇಷ್ಯಾದ ಮುವಾರ್ ಪಟ್ಟಣದಲ್ಲಿ ಅಲ್ಲಿನ ಸೂಚ್ಯಂಕ 746ಕ್ಕೆ ಏರಿ ತುರ್ತು ಪರಿಸ್ಥಿತಿ ಘೋಷಿಸಿದರು.

ಆ ಹೊಗೆ ಸಿಂಗಾಪುರದ್ದೂ ಅಲ್ಲ, ಮಲೇಷ್ಯಾದ್ದೂ ಅಲ್ಲ. ಮಲಕ್ಕಾ ಜಲಸಂಧಿಯ ಆಚೆ, ಇಂಡೊನೇಷ್ಯಾದ ಸುಮಾತ್ರಾ ದ್ವೀಪದ ರಿಯಾವು ಪ್ರಾಂತ್ಯದಲ್ಲಿ ತೋಟಕ್ಕಾಗಿ ನೆಲ ಸುಡುತ್ತಿದ್ದರು. ಜೂನ್‌ನಿಂದ ಅಕ್ಟೋಬರ್‌ವರೆಗೆ ಗಾಳಿ ಆ ಕಡೆಯಿಂದ ಈ ಕಡೆಗೆ ಬೀಸುತ್ತದೆ. ನಮಗೆ ಮಳೆ ತರುವ ಅದೇ ನೈಋತ್ಯ ಮಾರುತದ ತಿಂಗಳುಗಳು ಅವು. ಆಯಿ ಇಲ್ಲಿಂದ ಫೋನ್ ಮಾಡಿ, ಮಳೆ ಹಿಡಿದಿದೆ, ಕೊಳೆ ಔಷಧಿ ಹೊಡೆಯಲು ಒಂದು ದಿನವೂ ಬಿಸಿಲು ಬಿಡುತ್ತಿಲ್ಲ, ನಿಮ್ಮಲ್ಲಿ ಹೇಗೆ ಎಂದು ಕೇಳಿದಳು. ಏನು ಹೇಳಲಿ? ನಮ್ಮಲ್ಲಿ ಹೊಗೆ ಹಿಡಿದಿದೆ ಎಂದೆ. ಫೋನ್ ಸರಿಯಾಗಿ ಕೇಳುತ್ತಿಲ್ಲವೆಂದುಕೊಂಡು ಮತ್ತೆ ಕೇಳಿದಳು.

ಆಮೇಲಿನ ಕೆಲವು ವರ್ಷ ಇದು ನನಗೆ ಒಂದು ಗೀಳಾಯಿತು. ಓದಿದೆ, ಕೇಳಿದೆ, 2017ರಲ್ಲಿ ಹೋಗಿಯೂ ಬಂದೆ. ತಿಳಿದದ್ದು ಇಷ್ಟು: ಗಡಿ ದಾಟುವ ಹೊಗೆಯನ್ನು ಬೆಂಕಿಯ ಬಾಬತ್ತೆಂದು ತಿಳಿದು ಎಲ್ಲರೂ ಬೆಂಕಿ ಹಚ್ಚಿದವನನ್ನು ಹುಡುಕುತ್ತಾರೆ. ಆ ಹೊಗೆ ನೀರಿನ ಬಾಬತ್ತು. ಅದನ್ನು ಹುಟ್ಟಿಸಿದ್ದು ನನ್ನ ವೃತ್ತಿಯವರು.

ಆ ನೆಲವನ್ನು ಪೀಟ್ ಎನ್ನುತ್ತಾರೆ. ನಮ್ಮ ಸಿದ್ದಾಪುರದ ಕತ್ತಲೆಕಾನಿನ ರಾಮಪತ್ರೆ ಜಡ್ಡಿ ನೋಡಿದವರು ಇಲ್ಲಿ ಇದ್ದೀರಿ. ಕಾಲಿಟ್ಟರೆ ಹುಗಿಯುವ ಕಪ್ಪು ಕೆಸರು, ಅದರೊಳಗಿಂದ ಮಂಡಿ ಎತ್ತಿದ ಬೇರುಗಳು. ಅಂಥ ಜಡ್ಡಿ ಕಣ್ಣಿಗೆ ಕಾಣುವಷ್ಟು ದೂರ ಹಬ್ಬಿದೆ ಎಂದುಕೊಳ್ಳಿ. ಎಲೆ, ಕೊಂಬೆ, ಬೇರು ನೀರಿಗೆ ಬೀಳುತ್ತವೆ. ನೀರೊಳಗೆ ಗಾಳಿ ಆಡುವುದಿಲ್ಲ, ಆದ್ದರಿಂದ ಪೂರ್ತಿ ಕೊಳೆಯುವುದಿಲ್ಲ. ಅರೆಬರೆ ಕೊಳೆತದ್ದು ಒಂದರ ಮೇಲೊಂದು ಸಾವಿರಾರು ವರ್ಷ ಕೂಡಿ ಕೆಲವೆಡೆ ಹತ್ತು ಮೀಟರ್‌ಗಿಂತ ದಪ್ಪವಾಗಿದೆ. ಇಂಡೊನೇಷ್ಯಾದಲ್ಲಿ ಇಂಥ ನೆಲ ಅಂದಾಜು ಒಂದೂವರೆ ಕೋಟಿ ಹೆಕ್ಟೇರ್. ಒದ್ದೆಯಾಗಿರುವಷ್ಟು ದಿನ ಅದಕ್ಕೆ ಬೆಂಕಿ ಹಚ್ಚುತ್ತೇನೆಂದರೂ ಹತ್ತುವುದಿಲ್ಲ.

ಈಗ ಅದರಲ್ಲಿ ಎಣ್ಣೆತಾಳೆ ನೆಡಬೇಕು, ಅಥವಾ ಕಾಗದದ ಕಾರ್ಖಾನೆಗೆ ಅಕೇಶಿಯ ಬೆಳೆಸಬೇಕು. ನಿಮಗೆ ಮುಂದಿನದನ್ನು ವಿವರಿಸುವ ಅಗತ್ಯವಿಲ್ಲ. ತೋಟದಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ, ಆದ್ದರಿಂದ ಬಸಿಗಾಲುವೆ ತೆಗೆಯುತ್ತೀರಿ. ಅವರೂ ತೆಗೆದರು, ಗುದ್ದಲಿಯಲ್ಲಲ್ಲ, ಯಂತ್ರ ಹಚ್ಚಿ, ಕಿಲೋಮೀಟರ್‌ಗಟ್ಟಲೆ. ನಮ್ಮ ತೋಟದ ಬಸಿಗಾಲುವೆ ಮಣ್ಣಿನಿಂದ ಹೆಚ್ಚಾದ ನೀರನ್ನು ಬಸಿಯುತ್ತದೆ, ಮಣ್ಣು ಉಳಿಯುತ್ತದೆ. ಅಲ್ಲಿ ನೀರು ಹೋದರೆ ನೆಲವೇ ಹೋಗುತ್ತದೆ. ಕಾಲುವೆ ತೋಡಿದ ಮೊದಲ ಐದು ವರ್ಷಗಳಲ್ಲಿ ನೆಲ ಒಂದು ಮೀಟರ್‌ಗಿಂತ ಹೆಚ್ಚು ಕುಸಿಯುತ್ತದೆ, ನಂತರವೂ ವರ್ಷಕ್ಕೆ ಸುಮಾರು 5 ಸೆಂಟಿಮೀಟರ್ ಇಳಿಯುತ್ತಲೇ ಇರುತ್ತದೆ. ಉಳಿದದ್ದು ಒಣಗಿದ ತೆಂಗಿನ ನಾರಿನ ಪುಡಿಯ ಹಾಗೆ. ನರ್ಸರಿ ಮಾಡುವವರು ನೋಡಿರುತ್ತೀರಿ, ಆ ಪುಡಿ ಒಮ್ಮೆ ಪೂರ್ತಿ ಒಣಗಿದರೆ ಮೇಲೆ ಸುರಿದ ನೀರು ಮುತ್ತಿನಂತೆ ಉರುಳಿ ಹೋಗುತ್ತದೆ, ಒಳಗೆ ಇಳಿಯುವುದಿಲ್ಲ.

ಇಂಥ ನೆಲಕ್ಕೆ ಕಿಡಿ ಬಿದ್ದರೆ ಜ್ವಾಲೆ ಏಳುವುದಿಲ್ಲ. ಅಕ್ಕಿ ಗಿರಣಿಯ ಹಿಂದೆ ಉಮಿಯ ರಾಶಿಗೆ ಬೆಂಕಿ ಬಿದ್ದದ್ದನ್ನು ಹಿರಿಯರು ನೋಡಿರಬಹುದು. ಮೇಲೆ ಏನೂ ಕಾಣುವುದಿಲ್ಲ, ಸಣ್ಣಗೆ ಹೊಗೆ. ಒಳಗೆ ಕೆಂಡ ನಡೆಯುತ್ತಿರುತ್ತದೆ. ಒಂದು ಕೊಡ ನೀರು ಸುರಿದರೆ ಅಲ್ಲಿ ಆರಿ ಇನ್ನೊಂದು ಮಗ್ಗುಲಲ್ಲಿ ಮೂಗು ಹೊರಹಾಕುತ್ತದೆ. ಪೀಟ್ ಬೆಂಕಿ ಆ ಉಮಿ ರಾಶಿ. ಹೆಲಿಕಾಪ್ಟರ್‌ನಿಂದ ನೀರು ಸುರಿಯುವ ಚಿತ್ರ ಟಿವಿಯಲ್ಲಿ ಬಂದಾಗಲೆಲ್ಲ ನನಗೆ ನಗು ಬರುತ್ತದೆ. ಅದು ಉಮಿ ರಾಶಿಯ ಮೇಲೆ ಪನ್ನೀರು ಚಿಮುಕಿಸಿದ ಹಾಗೆ. ಅಲ್ಲಿನ ಅಗ್ನಿಶಾಮಕ ಹುಡುಗರು ತುದಿಯಲ್ಲಿ ತೂತುಗಳಿರುವ ಕಬ್ಬಿಣದ ಕೊಳವೆಯನ್ನು ನೆಲಕ್ಕೆ ಚುಚ್ಚಿ ನೀರು ಹಾಯಿಸುತ್ತಾರೆ, ಅಡಿ ಅಡಿಯಾಗಿ. ಕೊನೆಗೆ ಆರಿಸುವುದು ಮಳೆಯೇ. ಮಂದವಾಗಿ ಕಮರುವ ಬೆಂಕಿಗೆ ಹೊಗೆ ಜಾಸ್ತಿ: 2015ರಲ್ಲಿ ಸುಟ್ಟ 26 ಲಕ್ಷ ಹೆಕ್ಟೇರ್‌ನಲ್ಲಿ ಪೀಟ್ ಮೂರನೇ ಒಂದು ಪಾಲು ಮಾತ್ರ, ಆದರೆ ನಾವು ಕುಡಿದ ಹೊಗೆಯ ಬಹುಪಾಲು ಅದರದ್ದು. ಅಂದ ಹಾಗೆ, 26 ಲಕ್ಷ ಹೆಕ್ಟೇರ್ ಎಂದರೆ ನಮ್ಮ ಉತ್ತರ ಕನ್ನಡದಂಥ ಎರಡೂವರೆ ಜಿಲ್ಲೆ.

ಎಂಜಿನಿಯರ್‌ಗಳ ಪಾಪದಲ್ಲಿ ಅತಿ ದೊಡ್ಡದು ಬೋರ್ನಿಯೊ ದ್ವೀಪದ ಮಧ್ಯ ಕಾಲಿಮಂಟನ್‌ನಲ್ಲಿದೆ. 1995ರಲ್ಲಿ ಅಧ್ಯಕ್ಷ ಸುಹಾರ್ತೊ ಅಲ್ಲಿ ಹತ್ತು ಲಕ್ಷ ಹೆಕ್ಟೇರ್ ಪೀಟ್ ಕಾಡನ್ನು ಭತ್ತದ ಗದ್ದೆ ಮಾಡಲು ಆಜ್ಞೆ ಹೊರಡಿಸಿದರು. ದೇಶಕ್ಕೆ ಅಕ್ಕಿ ಸಾಲುತ್ತಿರಲಿಲ್ಲ, ಉದ್ದೇಶವೇನೂ ಕೆಟ್ಟದ್ದಲ್ಲ. ನಾಲ್ಕು ಸಾವಿರ ಕಿಲೋಮೀಟರ್‌ಗಿಂತ ಉದ್ದದ ಕಾಲುವೆ ತೋಡಿದರು. ನಕ್ಷೆಯಲ್ಲಿ ಆ ಗೆರೆಗಳು ಎಷ್ಟು ನೇರವಾಗಿವೆ ಎಂದರೆ, ಎಂಜಿನಿಯರ್ ಆದ ನನಗೆ ನೋಡಿದ ಕೂಡಲೇ ಒಂದು ಕ್ಷಣ ಸಂತೋಷವೇ ಆಯಿತು. ಜಾವಾದಿಂದ ರೈತರನ್ನು ತಂದು ಕೂರಿಸಿದರು. ಆ ಹುಳಿ ನೆಲದಲ್ಲಿ ಭತ್ತ ಬರಲಿಲ್ಲ. 1997ರಲ್ಲಿ ಎಲ್ ನಿನೊ ಬರಗಾಲ ಬಂತು, ಬೆಂಕಿ ಬಂತು. ಸುಹಾರ್ತೊ ಇಳಿದ ಮೇಲೆ ಯೋಜನೆ ನಿಂತಿತು. ಕಾಲುವೆಗಳು ಮಾತ್ರ ಈಗಲೂ ನೀರು ಬಸಿಯುತ್ತಿವೆ. 1997ರ ಆ ಒಂದು ವರ್ಷ ಇಂಡೊನೇಷ್ಯಾದ ಪೀಟ್ ಮತ್ತು ಕಾಡಿನ ಬೆಂಕಿ ಉಗುಳಿದ ಇಂಗಾಲ, ಇಡೀ ಜಗತ್ತು ವರ್ಷಕ್ಕೆ ಕಲ್ಲಿದ್ದಲು, ಪೆಟ್ರೋಲ್ ಸುಟ್ಟು ಬಿಡುತ್ತಿದ್ದುದರ ಶೇಕಡಾ 13ರಿಂದ 40ರಷ್ಟು ಎಂದು 2002ರಲ್ಲಿ ವಿಜ್ಞಾನಿಗಳು ಲೆಕ್ಕ ಹಾಕಿದರು.

ಹಾಗಾದರೆ ಬೆಂಕಿ ಹಚ್ಚುವವರು ಯಾರು? ಯಾಕೆ ಹಚ್ಚುತ್ತಾರೆ? ಇದನ್ನು ನಿಮ್ಮ ಮುಂದೆ ಹೇಳುವುದು ಸುಲಭ. ಬೂದಿ ಹುಳಿ ಮಣ್ಣನ್ನು ಸರಿಮಾಡುತ್ತದೆ, ಪುಕ್ಕಟೆ ಗೊಬ್ಬರ. ಸುಡುಮಣ್ಣು ಮಾಡಿ ಗಿಡದ ಬುಡಕ್ಕೆ ಹಾಕಿದ ಊರು ನಮ್ಮದು. ನಮ್ಮ ಘಟ್ಟದ ಇಳಿಜಾರುಗಳಲ್ಲಿ ಕುಮರಿ ಮಾಡುತ್ತಿದ್ದವರ ಮೊಮ್ಮಕ್ಕಳು ಈ ಸಭೆಯಲ್ಲೂ ಇರಬಹುದು: ಕಾಡು ಕಡಿದು, ಒಣಗಿಸಿ, ಸುಟ್ಟು, ರಾಗಿ ಬಿತ್ತಿ, ನೆಲ ಬಿಟ್ಟು ಮುಂದೆ ಹೋಗುವುದು. ತೇಗದ ಮೇಲೆ ಕಣ್ಣಿದ್ದ ಬ್ರಿಟಿಷರು ಹತ್ತೊಂಬತ್ತನೆಯ ಶತಮಾನದಲ್ಲಿ ಅದಕ್ಕೆ ಹಂತಹಂತವಾಗಿ ಕಡಿವಾಣ ಹಾಕಿದರು, ಕಾಡು ಕೆಡಿಸುವವರು ಎಂಬ ಹಣೆಪಟ್ಟಿಯನ್ನೂ ಕಟ್ಟಿದರು. ದಕ್ಷಿಣ ಸುಮಾತ್ರಾದಲ್ಲಿ ಇದೇ ಬಗೆಯದಕ್ಕೆ ಸೊನೊರ್ ಎನ್ನುತ್ತಾರೆ: ಬರ ಬಂದು ಜೌಗು ಒಣಗಿದ ವರ್ಷ ಸುಟ್ಟು ಭತ್ತ ಎರಚುವುದು. ಇಂಡೊನೇಷ್ಯಾದ 2009ರ ಪರಿಸರ ಕಾನೂನು ಸುಡುವುದನ್ನು ನಿಷೇಧಿಸಿದರೂ, ಒಂದು ಕುಟುಂಬ ಸ್ಥಳೀಯ ತಳಿ ಬೆಳೆಯಲು, ಸುತ್ತ ಬೆಂಕಿ ರೇಖೆ ಕಡಿದು, ಎರಡು ಹೆಕ್ಟೇರ್‌ವರೆಗೆ ಸುಡಲು ಅವಕಾಶ ಇಟ್ಟಿತು. ಇದು ನ್ಯಾಯವೆಂದೇ ನನ್ನ ಅಭಿಪ್ರಾಯ. ಆದರೆ ಆ ಎರಡು ಹೆಕ್ಟೇರ್‌ನ ಪಕ್ಕ ಕಂಪನಿಯ ಕಾಲುವೆ ನೀರು ಬಸಿದು ನೆಲವನ್ನು ಉಮಿ ಮಾಡಿಟ್ಟಿದ್ದರೆ, ಬೆಂಕಿ ರೇಖೆಯ ಅಡಿಯಿಂದ ಕೆಂಡ ದಾಟುತ್ತದೆ. ಅಜ್ಜ ಸುಟ್ಟ ಹಾಗೆಯೇ ಮೊಮ್ಮಗ ಸುಟ್ಟಿರುತ್ತಾನೆ. ಅಜ್ಜನ ಕಾಲದ ನೆಲ ಇಲ್ಲ, ಅಷ್ಟೆ.

ಇನ್ನೊಂದು ಬಗೆಯ ಬೆಂಕಿ ಇದೆ, ಅದಕ್ಕೆ ನನ್ನಲ್ಲಿ ಕರುಣೆ ಇಲ್ಲ. ಯಂತ್ರದಲ್ಲಿ ನೆಲ ಹಸನು ಮಾಡುವುದಕ್ಕಿಂತ ಒಂದು ಡಬ್ಬ ಸೀಮೆಎಣ್ಣೆ ಅಗ್ಗ. ಸುಟ್ಟು ಬೋಳಾದ ಜಾಗಕ್ಕೆ ಪೊದೆ ತುಂಬಿದ ಜಾಗಕ್ಕಿಂತ ಬೆಲೆ ಹೆಚ್ಚು. ಯಾರದೆಂದು ಪಕ್ಕಾ ಇಲ್ಲದ ನೆಲದಲ್ಲಿ ಬೆಂಕಿಯೇ ಬೇಲಿ. ಅತಿಕ್ರಮಣದ ವ್ಯಾಜ್ಯ ನೋಡಿ ಬೆಳೆದ ಈ ಜಿಲ್ಲೆಯವರಿಗೆ ಹೆಚ್ಚು ಹೇಳಬೇಕಿಲ್ಲ. ನಮ್ಮಲ್ಲಿ ತಕರಾರಿದ್ದರೂ ಪಹಣಿ ಎಂಬುದೊಂದು ಕೈಗೆ ಸಿಗುತ್ತದೆ. ಅಲ್ಲಿ ಒಂದೊಂದು ಇಲಾಖೆಗೆ ಒಂದೊಂದು ನಕ್ಷೆ. ಕಂಪನಿಗೆ ಕೊಟ್ಟ ಜಮೀನಿನ ನಕ್ಷೆಯನ್ನು ನೆರೆದೇಶಕ್ಕೆ ತೋರಿಸುವುದೇ ವರ್ಷಗಟ್ಟಲೆ ಜಗಳದ ವಿಷಯವಾಗಿತ್ತು.

ದೇಶ ದೇಶಗಳ ನಡುವಿನ ಮಾತುಕತೆ ಬೇಗ ಮುಗಿಸುತ್ತೇನೆ, ಅದರಿಂದ ಆದದ್ದೂ ಅಷ್ಟಕ್ಕಷ್ಟೆ. ಕೆನಡಾದ ಟ್ರೇಲ್ ಎಂಬಲ್ಲಿನ ಲೋಹ ಕರಗಿಸುವ ಕಾರ್ಖಾನೆಯ ಹೊಗೆ ಅಮೆರಿಕದ ರೈತರ ಬೆಳೆ ಸುಟ್ಟಾಗ, 1941ರಲ್ಲಿ ಪಂಚಾಯಿತಿ ಮಂಡಳಿಯೊಂದು, ತನ್ನ ನೆಲದ ಹೊಗೆಯಿಂದ ನೆರೆದೇಶಕ್ಕೆ ಹಾನಿ ಮಾಡುವ ಹಕ್ಕು ಯಾವ ದೇಶಕ್ಕೂ ಇಲ್ಲ ಎಂದು ತೀರ್ಪು ಕೊಟ್ಟಿತು. ಒಳ್ಳೆಯ ಮಾತು. ಆದರೆ ಟ್ರೇಲ್‌ನಲ್ಲಿ ಇದ್ದದ್ದು ಒಂದು ಚಿಮಣಿ, ಒಂದು ವಿಳಾಸ. ಸುಮಾತ್ರಾದ ಹೊಗೆಗೆ ಸಾವಿರ ವಿಳಾಸ. ಆಸಿಯಾನ್ ಎಂಬ ಕೂಟದ ಆಗ್ನೇಯ ಏಷ್ಯಾದ ದೇಶಗಳು 2002ರಲ್ಲಿ ಗಡಿ ದಾಟುವ ಹೊಗೆಯ ಬಗ್ಗೆ ಒಪ್ಪಂದ ಮಾಡಿಕೊಂಡವು. ಹೊಗೆಯ ಮೂಲವಾದ ಇಂಡೊನೇಷ್ಯಾ ಅದನ್ನು ಅನುಮೋದಿಸಿದ್ದು ಎಲ್ಲರಿಗಿಂತ ಕೊನೆಗೆ, 2014ರಲ್ಲಿ. ತಪ್ಪಿದವರಿಗೆ ದಂಡವೆಂಬುದು ಅದರಲ್ಲಿ ಇಲ್ಲ. 2013ರಲ್ಲಿ ಅಧ್ಯಕ್ಷ ಯುಧೊಯೊನೊ ನೆರೆಯವರ ಕ್ಷಮೆ ಕೇಳಿದರು, ದೊಡ್ಡತನ. ಎರಡು ವರ್ಷ ಕಳೆದು ಉಪಾಧ್ಯಕ್ಷ ಯೂಸುಫ್ ಕಲ್ಲಾ, ಹನ್ನೊಂದು ತಿಂಗಳು ನಮ್ಮ ಕಾಡಿನ ಒಳ್ಳೆಯ ಗಾಳಿ ಉಸಿರಾಡಿದಾಗ ಧನ್ಯವಾದ ಹೇಳದವರು ಒಂದು ತಿಂಗಳ ಹೊಗೆಗೆ ಕೂಗಾಡುತ್ತಾರೆ ಎಂಬ ಅರ್ಥದ ಮಾತಾಡಿದರು. ಸಿಂಗಾಪುರದಲ್ಲಿ ಅದನ್ನು ಓದಿ ನಾವೆಲ್ಲ ಉರಿದುಬಿದ್ದೆವು. ಈಗ ಯೋಚಿಸಿದರೆ ಅವರ ಮಾತಿನಲ್ಲಿ ಅರ್ಧ ಸತ್ಯವಿತ್ತು: ಸುಡುತ್ತಿದ್ದ ಜಾಗಗಳಲ್ಲಿ ಹೂಡಿದ ಹಣದಲ್ಲಿ ಸಿಂಗಾಪುರದ್ದೂ ಮಲೇಷ್ಯಾದ್ದೂ ಇತ್ತು.

ಸಿಂಗಾಪುರ 2014ರಲ್ಲಿ ತನ್ನದೇ ಕಾನೂನು ಮಾಡಿತು. ಬೆಂಕಿ ಯಾವ ದೇಶದಲ್ಲೇ ಇರಲಿ, ಹೊಗೆ ನಮ್ಮಲ್ಲಿಗೆ ಬಂದರೆ ಕಂಪನಿಗೆ ದಿನಕ್ಕೆ ಒಂದು ಲಕ್ಷ ಸಿಂಗಾಪುರ ಡಾಲರ್‌ವರೆಗೆ ದಂಡ. ಸುಟ್ಟ ನೆಲ ನಿನ್ನದು, ಗಾಳಿ ಈ ಕಡೆ ಬೀಸುತ್ತಿತ್ತು ಎಂದಾದರೆ ತಪ್ಪು ನಿನ್ನದೆಂದೇ ಭಾವಿಸುತ್ತಾರೆ. ಅಲ್ಲವೆಂದು ಸಾಧಿಸುವ ಹೊಣೆಯೂ ನಿನ್ನದೇ. ವಕೀಲರು ಮೆಚ್ಚುವ ಕಾನೂನು. ಮರುವರ್ಷವೇ 2015ರ ಹೊಗೆ ಬಂತು, ಶಾಲೆ ಮುಚ್ಚಿದರು, ಕೆಲವು ಕಂಪನಿಗಳಿಗೆ ನೋಟಿಸ್ ಹೋಯಿತು. ನೆಲ ಯಾರದೆಂಬ ನಕ್ಷೆ ನೆರೆದೇಶದ ಕಪಾಟಿನಲ್ಲಿ, ಸಾಕ್ಷಿಗಳು ಅಲ್ಲಿನ ಹಳ್ಳಿಗಳಲ್ಲಿ. ಪ್ರಕರಣಗಳು ನೋಟಿಸಿನ ಹಂತದಲ್ಲೇ ತೆವಳಿದವು. ಮನೆಯೊಳಗಿನ ನ್ಯಾಯಾಲಯ ಇದಕ್ಕಿಂತ ಚುರುಕು: ಅಚೆ ಪ್ರಾಂತ್ಯದ ತ್ರಿಪಾ ಜೌಗನ್ನು ಸುಟ್ಟ ಒಂದು ಕಂಪನಿಯ ಮೇಲೆ ಬಿದ್ದ 36,600 ಕೋಟಿ ರುಪಿಯಾ (ನಮ್ಮ ರೂಪಾಯಿ ಅಲ್ಲ, ಅಲ್ಲಿನ ನಾಣ್ಯ) ದಂಡವನ್ನು ಇಂಡೊನೇಷ್ಯಾದ ಸುಪ್ರೀಂ ಕೋರ್ಟ್ 2015ರಲ್ಲಿ ಎತ್ತಿಹಿಡಿಯಿತು. ವಸೂಲಿಯ ಕಥೆ ಬೇರೆ. ಕೋರ್ಟು ಕಚೇರಿ ಹತ್ತಿದವರಿಗೆ ಗೊತ್ತು.

ನಾನು ಮರೆಯದ ಸಂಗತಿ ಇನ್ನೊಂದು. ಸಿಂಗಾಪುರದಲ್ಲಿ ನಮಗೆ 401 ಎಂದು ಲೋಕಕ್ಕೆಲ್ಲ ಸುದ್ದಿಯಾಯಿತಲ್ಲ, 2015ರಲ್ಲಿ ಮಧ್ಯ ಕಾಲಿಮಂಟನ್‌ನ ಪಾಲಂಕರಾಯ ನಗರದಲ್ಲಿ ಸೂಚ್ಯಂಕ 2,000ದ ಹತ್ತಿರ ಹೋಗಿತ್ತು. ಗಡಿ ದಾಟಿದ ಹೊಗೆಗೆ ಒಪ್ಪಂದ, ಕಾನೂನು, ಸಮ್ಮೇಳನ ಇವೆ. ದಾಟುವ ಮೊದಲು ಅದನ್ನು ಕುಡಿದವರಿಗೆ ಏನಿತ್ತು? ಅಲ್ಲಿನ ಕೆಲವು ನಾಗರಿಕರು ಸರ್ಕಾರದ ಮೇಲೆ ದಾವೆ ಹೂಡಿ 2019ರಲ್ಲಿ ಸುಪ್ರೀಂ ಕೋರ್ಟ್‌ವರೆಗೂ ಗೆದ್ದರು. ಮರುಪರಿಶೀಲನೆಯಲ್ಲಿ ತೀರ್ಪು ತಿರುಗಿತು.

ಈಗ ನಾನು ಹೋಗಿ ನೋಡಿದ್ದು. 2015ರ ಬೆಂಕಿಯಿಂದ ದೇಶಕ್ಕೆ 1,610 ಕೋಟಿ ಡಾಲರ್ ನಷ್ಟವೆಂದು ವಿಶ್ವಬ್ಯಾಂಕ್ ಅಂದಾಜಿಸಿತ್ತು. 2016ರ ಜನವರಿಯಲ್ಲಿ ಅಧ್ಯಕ್ಷ ಜೋಕೊವಿ 20 ಲಕ್ಷ ಹೆಕ್ಟೇರ್ ಪೀಟ್ ನೆಲವನ್ನು ಸರಿಪಡಿಸಲು ಪ್ರತ್ಯೇಕ ಸಂಸ್ಥೆ ಕಟ್ಟಿದರು. ಅಂತರ್ಜಲ ನೆಲಮಟ್ಟದಿಂದ 40 ಸೆಂಟಿಮೀಟರ್‌ಗಿಂತ ಕೆಳಗೆ ಇಳಿಯಬಾರದು ಎಂಬ ನಿಯಮವೂ ಇತ್ತು. ನೋಡಿ, ಕೊನೆಗೂ ಬೆಂಕಿಯ ಕಾನೂನಿನಲ್ಲಿ ನೀರಿನ ಅಳತೆ ಬಂತು! ಕಾಲುವೆಗಳಿಗೆ ಅಡ್ಡ ಹಾಕಿ ನೀರು ನಿಲ್ಲಿಸುವುದು ಮುಖ್ಯ ಕೆಲಸ. ಅಂಥ ಒಂದು ಹಳ್ಳಿಗೆ ಪರಿಚಯದವರೊಬ್ಬರು ಕರೆದುಕೊಂಡು ಹೋದರು, ದೋಣಿಯಲ್ಲಿ ಎರಡು ತಾಸು. ಕಾಲುವೆಯ ನೀರು ಹಾಲು ಹಾಕದ ಚಹಾದ ಬಣ್ಣ. ದಡದಲ್ಲಿ ನಿಂತು ಊರುಗೋಲು ಒತ್ತಿದೆ. ತಡೆಯೇ ಇಲ್ಲದೆ ಮೊಣಕೈವರೆಗೆ ಇಳಿಯಿತು. ಹಾಕಿದ ಅಡ್ಡಗಟ್ಟೆ ನೋಡಿ ನನಗೆ ನಮ್ಮ ಹಳ್ಳದ ಕಟ್ಟ ನೆನಪಾಯಿತು: ಎರಡು ಸಾಲು ಮರದ ಗೂಟ, ನಡುವೆ ಮಣ್ಣು ತುಂಬಿದ ಚೀಲ, ಮಧ್ಯದಲ್ಲಿ ಹೆಚ್ಚಾದ ನೀರು ಹೋಗಲು ಹಲಗೆ ಹಾಕಿದ ಕಂಡಿ.

ಒಂದು ಗಟ್ಟೆಯ ಗೂಟಗಳನ್ನು ಯಾರೋ ಕತ್ತರಿಸಿದ್ದರು. ಯಾರು ಎಂದು ಕೇಳಿದೆ. ದೋಣಿಯವನೇ, ಐವತ್ತರ ಆಸುಪಾಸಿನವನು, ಮುಚ್ಚುಮರೆಯಿಲ್ಲದೆ ತಾನೇ ಎಂದ. "ಅಣ್ಣಾ, ಈ ಕಾಲುವೆಯೇ ನಮ್ಮ ರಸ್ತೆ. ರಬ್ಬರ್ ಸಾಗಿಸಬೇಕು, ಹೆರಿಗೆಗೆ ಆಸ್ಪತ್ರೆಗೆ ಹೋಗಬೇಕು. ನಿಮ್ಮೂರ ರಸ್ತೆಗೆ ಗೋಡೆ ಕಟ್ಟಿದರೆ ನೀವು ಏನು ಮಾಡುತ್ತಿದ್ದಿರಿ?" ಜೊತೆಗಿದ್ದವರು ಅನುವಾದಿಸಿ ಹೇಳುವ ಮೊದಲೇ ಅವನ ಕೈಸನ್ನೆಯಿಂದ ಅರ್ಥವಾಗಿತ್ತು. ಆಮೇಲೆ ಕಂಡಿಯನ್ನು ದೋಣಿ ದಾಟುವಷ್ಟು ಅಗಲ ಮಾಡಿ, ಎತ್ತಿ ಇಳಿಸುವ ಹಲಗೆ ಕೂರಿಸಿದರಂತೆ. ಅಂದಿನಿಂದ ಅವನು ಗೂಟ ಮುಟ್ಟಲಿಲ್ಲ.

ಇದರಿಂದ ಎಲ್ಲ ಸರಿಹೋಯಿತೆಂದು ತಿಳಿಯಬೇಡಿ. 2019ರಲ್ಲಿ ಮತ್ತೆ ಬರ, ಮತ್ತೆ 16 ಲಕ್ಷ ಹೆಕ್ಟೇರ್ ಸುಟ್ಟಿತು. ಆ ಸೆಪ್ಟೆಂಬರ್‌ನಲ್ಲಿ ಜಾಂಬಿ ಪ್ರಾಂತ್ಯದಲ್ಲಿ ನಡುಮಧ್ಯಾಹ್ನ ಆಕಾಶ ರಕ್ತದ ಬಣ್ಣಕ್ಕೆ ತಿರುಗಿದ ಚಿತ್ರ ನಿಮ್ಮ ಮೊಬೈಲಿಗೂ ಬಂದಿರಬಹುದು. ಅದು ನಿಜವಾದ ಚಿತ್ರ. ಹೊಗೆಯ ಕಣಗಳು ಬೆಳಕನ್ನು ಚದುರಿಸಿದ ರೀತಿ ಅದು.

ವಿದ್ಯಾರ್ಥಿಗಳು ಪಂಜಾಬಿನಲ್ಲಿ ಕೂಳೆ ಸುಡುವ ಹೊಗೆಯ ಬಗ್ಗೆ ಕೇಳುತ್ತಾರೆಂದು ಗೊತ್ತು. ಅಲ್ಲಿಯೂ ನೀರನ್ನೇ ನೋಡಿ. ಅಂತರ್ಜಲ ಪಾತಾಳಕ್ಕೆ ಇಳಿಯಿತೆಂದು 2009ರಲ್ಲಿ ಪಂಜಾಬ್ ಒಂದು ಕಾನೂನು ತಂದು, ಭತ್ತದ ನಾಟಿಯನ್ನು ಜೂನ್ ಹತ್ತರ ಆಚೆಗೆ ತಳ್ಳಿತು. ನೀರು ಉಳಿಸುವ ಒಳ್ಳೆಯ ಉದ್ದೇಶ. ನಾಟಿ ತಡವಾದರೆ ಕೊಯ್ಲು ತಡ. ಗೋಧಿ ಬಿತ್ತನೆಗೆ ಉಳಿಯುವುದು ಎರಡು ಮೂರು ವಾರ. ಕೊಯ್ಲು ಯಂತ್ರ ಬಿಟ್ಟುಹೋದ ಕೂಳೆ ಗದ್ದೆಯಲ್ಲಿ ನಿಂತಿರುತ್ತದೆ. ಕಡ್ಡಿ ಗೀರುವುದು ಎಲ್ಲಕ್ಕಿಂತ ಬೇಗ. ಅದೂ ಗಾಳಿ ನಿಂತುಹೋಗುವ ನವೆಂಬರ್‌ನಲ್ಲಿ. ಆ ಹೊಗೆ ದೆಹಲಿಗೂ ಹೋಗುತ್ತದೆ, ಲಾಹೋರಿಗೂ ಹೋಗುತ್ತದೆ. ಲಾಹೋರಿನ ಕಡೆಯ ಹೊಗೆ ಈಚೆಗೂ ಬರುತ್ತದೆ. ದಕ್ಷಿಣ ಏಷ್ಯಾದ ದೇಶಗಳು ಗಡಿ ದಾಟುವ ಮಾಲಿನ್ಯದ ಬಗ್ಗೆ 1998ರಲ್ಲೇ ಮಾಲ್ಡೀವ್ಸ್‌ನ ರಾಜಧಾನಿ ಮಾಲೆಯಲ್ಲಿ ಘೋಷಣೆ ಮಾಡಿವೆ. ನಿಮ್ಮಲ್ಲಿ ಎಷ್ಟು ಜನ ಅದರ ಹೆಸರು ಕೇಳಿದ್ದೀರಿ? ಒಂದು ಕೈಯೂ ಇಲ್ಲ. ಕೂಳೆ ಕೀಳದೆಯೇ ಗೋಧಿ ಬಿತ್ತುವ ಯಂತ್ರಗಳು ಬಂದಿವೆ, ಸಹಾಯಧನವೂ ಇದೆ. ಆದರೆ ನೀರು ಕುಡಿಯುವ ಭತ್ತಕ್ಕೇ ಖಾತ್ರಿ ಬೆಲೆಯ ಖರೀದಿ ಇರುವಷ್ಟು ದಿನ, ರೈತನಿಗೆ ಒಂದು ಕೈಯಲ್ಲಿ ಕಡ್ಡಿಪೆಟ್ಟಿಗೆ ಕೊಟ್ಟು ಇನ್ನೊಂದು ಕೈಯಲ್ಲಿ ದಂಡದ ಚೀಟಿ ಕೊಟ್ಟ ಹಾಗೆ.

ಸಭೆ ಮುಗಿಯುವಾಗ ಒಬ್ಬ ವಿದ್ಯಾರ್ಥಿನಿ ಎದ್ದು, ನಾವು ತಾಳೆ ಎಣ್ಣೆ ಬಿಟ್ಟರೆ ಹೊಗೆ ನಿಲ್ಲುತ್ತದೆಯೇ ಎಂದು ಕೇಳಿದಳು. ಒಳ್ಳೆಯ ಪ್ರಶ್ನೆ. ತಾಳೆ ಎಣ್ಣೆಯನ್ನು ಜಗತ್ತಿನಲ್ಲಿ ಅತಿ ಹೆಚ್ಚು ಆಮದು ಮಾಡಿಕೊಳ್ಳುವುದು ನಮ್ಮ ದೇಶ. ಮಂಗಳೂರು ಬಂದರಿಗೂ ಹಡಗಿನಲ್ಲಿ ಬರುತ್ತದೆ. ಈ ಸಭೆಯಲ್ಲಿ ಚಹಾದ ಜೊತೆ ಕೊಟ್ಟ ಖಾರದ ಪೊಟ್ಟಣದ ಹಿಂಬದಿ ಓದಿ ಎಂದೆ. ಪಾಮೊಲಿನ್ ಎಂದು ಇತ್ತು. ಆದರೆ ಒಂದೇ ಹೆಕ್ಟೇರ್‌ನಲ್ಲಿ ತಾಳೆಯಷ್ಟು ಎಣ್ಣೆ ಕೊಡುವ ಬೆಳೆ ಇನ್ನೊಂದಿಲ್ಲ. ಅದನ್ನು ಬಿಟ್ಟು ಬೇರೆ ಎಣ್ಣೆಗೆ ಹೋದರೆ ಇನ್ನೂ ಹೆಚ್ಚು ನೆಲ ಬೇಕು. ಪೀಟ್ ಅಲ್ಲದ ಗಟ್ಟಿ ಮಣ್ಣಿನಲ್ಲಿ ಬೆಳೆದ ತಾಳೆಯ ಮೇಲೆ ನನಗೆ ತಕರಾರಿಲ್ಲ. ಯಾವ ನೆಲದ್ದು ಎಂದು ಪೊಟ್ಟಣ ಹೇಳುವುದಿಲ್ಲ, ತಕರಾರು ಅಲ್ಲಿದೆ.

ಕೊನೆಗೆ ಹಿಂದಿನ ಸಾಲಿನಿಂದ ಹಿರಿಯರೊಬ್ಬರು ಎದ್ದರು. ಅಷ್ಟು ಹೊತ್ತೂ ಅವರು ಕಣ್ಣು ಮುಚ್ಚಿಯೇ ಕುಳಿತಿದ್ದರು. "ತಮ್ಮಾ, ಆ ಕಟ್ಟದ ಹಲಗೆ ಎಂದೆಯಲ್ಲ, ಅದನ್ನು ಇಳಿಸುವುದು ಎತ್ತುವುದು ಯಾರ ಪಾಳಿ?"

ದೋಣಿಯವನ ತಮ್ಮ ಎಂದೆ. ಯೋಜನೆಯವರು ಅವನನ್ನು ಕಾವಲಿಗೆ ಇಟ್ಟಿದ್ದರು, ತಿಂಗಳ ಸಂಬಳ, ಮೂರು ವರ್ಷಕ್ಕೆ ಮಂಜೂರಾದದ್ದು. ನಾನು ಹೋದಾಗ ಎರಡನೆಯ ವರ್ಷ ನಡೆಯುತ್ತಿತ್ತು.

"ಮೂರು ವರ್ಷ ಮುಗಿದ ಮೇಲೆ?"

ಅವನೂ ನನ್ನನ್ನು ಅದನ್ನೇ ಕೇಳಿದ್ದ ಎಂದೆ.